ಉತ್ತರ ಗೊತ್ತಿಲ್ಲದ ಪ್ರಾಕ್ಟಿಕಲ್

ಒಂದು ದ್ರಾವಣಕ್ಕೆ ಇನ್ನೊಂದನ್ನು ಉದ್ದನೆಯ ಗಾಜಿನ ಕೊಳವೆಯಿಂದ (ಬ್ಯೂರೆಟ್ಟು) ಹನಿಹನಿಯಾಗಿ ಬಿಟ್ಟು ಅಳೆಯುವ ಟೈಟ್ರೇಶನ್ ಪ್ರಾಕ್ಟಿಕಲ್ ಇರುವ ದಿನ ಯಾವುದಾದರೂ ಡಿಗ್ರಿ ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿಗೆ ಹೋಗಿ ನಿಂತು ನೋಡಿ. ಇಪ್ಪತ್ತು ಮಂದಿ, ಇಪ್ಪತ್ತು ಬ್ಯೂರೆಟ್ಟು. ಬೆಲ್ ಹೊಡೆಯುವ ಹೊತ್ತಿಗೆ ಎಲ್ಲರ ರೀಡಿಂಗೂ 9.8. ನಲ್ಲಿ ಸೋರುತ್ತಿದ್ದ ಬ್ಯೂರೆಟ್ಟಿನವನದೂ 9.8, ಎಲ್ಲಿ ನಿಲ್ಲಿಸಬೇಕು ಅಂತ ಬಣ್ಣ ಬದಲಿಸಿ ತೋರಿಸುವ ಇಂಡಿಕೇಟರ್ ಹಾಕೋದನ್ನೇ ಮರೆತವಳದೂ 9.8. ಹೇಗೆ ಅಂತ ಕೇಳಿದರೆ ಯಾರೂ ಮುಚ್ಚಿಡುವುದಿಲ್ಲ. ಸೀನಿಯರ್ ರೆಕಾರ್ಡ್ ಇರುತ್ತದೆ, ಅಡ್ಜಸ್ಟ್ ಮಾಡಿಕೊಳ್ಳುತ್ತಾರೆ. ನಾನೂ ಹಾಗೇ ಅಡ್ಜಸ್ಟ್ ಮಾಡಿಕೊಂಡೇ ಪಾಸಾದವನು.

ಇದಕ್ಕೆ ಮಕ್ಕಳನ್ನು ಬೈದು ಉಪಯೋಗವಿಲ್ಲ. ಉತ್ತರ ಮೊದಲೇ ಗೊತ್ತಿದೆ. ಮೇಷ್ಟ್ರಿಗೂ ಗೊತ್ತು, ಹೊರಗಿನಿಂದ ಬರುವ ಎಕ್ಸಾಮಿನರ್‌ಗೂ ಗೊತ್ತು. ಮಾರ್ಕ್ಸ್ ಸಿಗೋದು ಆ ಉತ್ತರಕ್ಕೆ. ಹಾಗಿದ್ದಮೇಲೆ ಜಾಣ ಹುಡುಗ ಏನು ಮಾಡುತ್ತಾನೆ? ಉತ್ತರದಿಂದ ಹಿಂದಕ್ಕೆ ನಡೆಯುತ್ತಾನೆ. ಮೂರು ವರ್ಷ ಹೀಗೆ ಹಿಂದಕ್ಕೆ ನಡೆದು ಬಿ.ಎಸ್ಸಿ. ಮುಗಿಸಿದವರಿಗೆ ವಿಜ್ಞಾನ ಮುಂದಕ್ಕೆ ಹೇಗೆ ನಡೆಯುತ್ತದೆ ಅಂತ ನೋಡುವ ಅವಕಾಶವೇ ಬಂದಿರುವುದಿಲ್ಲ.

ಹಾಗಂತ ಟೈಟ್ರೇಶನ್ ಬೇಡ ಅಂತಲ್ಲ. ಕೈ ಪಳಗಲು ಅದು ಬೇಕೇ ಬೇಕು. ರೊಟ್ಟಿ ಬಡಿಯಲು ಕಲಿಯುವಾಗ ಯಾರೂ ಹೊಸ ರೊಟ್ಟಿ ಕಂಡುಹಿಡಿಯಲು ಹೋಗುವುದಿಲ್ಲ. ಆದರೆ ಬರೀ ಅಷ್ಟೇ ಆಗಿಬಿಟ್ಟರೆ ಕಷ್ಟ.

ಇದಕ್ಕೊಂದು ದಾರಿ ಇದೆ. ಟೈಮ್‌ಟೇಬಲ್‌ನಲ್ಲಿರುವ ಪ್ರಾಕ್ಟಿಕಲ್ ಗಂಟೆಯಲ್ಲೇ, ಇಡೀ ಕ್ಲಾಸು ಸೇರಿ, ಯಾರಿಗೂ ಉತ್ತರ ಗೊತ್ತಿಲ್ಲದ ಒಂದು ಪ್ರಶ್ನೆಯ ಬೆನ್ನು ಹತ್ತುವುದು. ಅಮೆರಿಕದವರು ಇದಕ್ಕೆ ‘ಕ್ಯೂರ್’ ಅಂತ ಚಿಕ್ಕ ಹೆಸರಿಟ್ಟಿದ್ದಾರೆ. ಕೋರ್ಸಿನ ಒಳಗೇ ಸಿಗುವ ಸಂಶೋಧನೆಯ ಅನುಭವ ಅಂತ ಅರ್ಥ. ನಮ್ಮಲ್ಲಿ ಫೈನಲ್ ಇಯರ್‌ನಲ್ಲಿ ಮಾಡಿಸುವ ‘ಪ್ರಾಜೆಕ್ಟ್’ ಬೇರೆ, ಇದು ಬೇರೆ. ಆ ಪ್ರಾಜೆಕ್ಟುಗಳ ಕಥೆ ನಿಮಗೆ ಗೊತ್ತೇ ಇದೆ. ನೆಟ್ಟಿನಿಂದ ಇಳಿಸಿದ ನಲವತ್ತು ಪುಟ, ಬಂಗಾರದ ಅಕ್ಷರದ ಬೈಂಡಿಂಗು, ಮೊದಲ ಪುಟದಲ್ಲಿ ಎಲ್ಲರಿಗೂ ಧನ್ಯವಾದ.

ಕೊಳೆತ ಬದನೆಕಾಯಿಯ ಕಥೆ

ಡಿಗ್ರಿ ಮಕ್ಕಳು ಸಂಶೋಧನೆ ಮಾಡಿ ಏನು ಕಿಸಿಯುತ್ತಾರೆ ಅಂತ ಸ್ಟಾಫ್ ರೂಮಿನಲ್ಲಿ ಯಾರಾದರೂ ಕೇಳಿದಾಗೆಲ್ಲ ನಾನು ಈ ಕಥೆ ಹೇಳುತ್ತೇನೆ.

ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ವೈರಸ್ಸುಗಳಿವೆ. ಅವಕ್ಕೆ ಫೇಜ್ ಅನ್ನುತ್ತಾರೆ. ಒಂದು ಹಿಡಿ ಮಣ್ಣಿನಲ್ಲಿ ಲೆಕ್ಕವಿಲ್ಲದಷ್ಟು ಇರುತ್ತವೆ, ಅವುಗಳಲ್ಲಿ ಬಹುಪಾಲನ್ನು ಯಾರೂ ನೋಡೇ ಇಲ್ಲ. ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಗ್ರಹಾಂ ಹ್ಯಾಟ್‌ಫುಲ್ ಅನ್ನುವ ವಿಜ್ಞಾನಿಗೆ ಇದರಲ್ಲೊಂದು ಅವಕಾಶ ಕಂಡಿತು. ಡಿಗ್ರಿಗೆ ಆಗತಾನೆ ಸೇರಿದ ಮಕ್ಕಳಿಗೆ ಮಣ್ಣು ತರಲು ಹೇಳುವುದು. ಅದರಿಂದ ಫೇಜ್ ಬೇರ್ಪಡಿಸಿ, ಅದಕ್ಕೊಂದು ಹೆಸರಿಟ್ಟು, ಅದರ ಡಿಎನ್‌ಎ ಓದುವುದು. ಸಿಗುವ ಫೇಜ್ ಹೆಚ್ಚು ಕಡಿಮೆ ಹೊಸದೇ ಆಗಿರುತ್ತದೆ. ಹಾಗಾಗಿ ಸೀನಿಯರ್ ರೆಕಾರ್ಡ್ ನೋಡಿ ಬರೆಯೋಣ ಅಂದರೂ ಆಗುವುದಿಲ್ಲ! 2008ರಲ್ಲಿ ಹೋವರ್ಡ್ ಹ್ಯೂಸ್ ವೈದ್ಯಕೀಯ ಸಂಸ್ಥೆಯ ಹಣದಲ್ಲಿ ಇದು ಕಾಲೇಜುಗಳಿಗೆ ಹೋಯಿತು. ಈಗ ನೂರಕ್ಕೂ ಹೆಚ್ಚು ಕಾಲೇಜುಗಳಲ್ಲಿ ನಡೆಯುತ್ತಿದೆ.

2010ರಲ್ಲಿ ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ ಒಬ್ಬ ವಿದ್ಯಾರ್ಥಿನಿ ಕೊಳೆತ ಬದನೆಕಾಯಿಯ ಅಡಿಯಿಂದ ಒಂದು ಫೇಜ್ ಹಿಡಿದಳು. ಅದಕ್ಕೆ ‘ಮಡ್ಡಿ’ ಅಂತ ಹೆಸರಾಯಿತು. ಹ್ಯಾಟ್‌ಫುಲ್ ಅವರ ಫ್ರೀಜರಿನಲ್ಲಿ ಅದು ಸಾವಿರಾರು ಫೇಜುಗಳ ನಡುವೆ ಸುಮ್ನೆ ಕೂತಿತ್ತು. ಎಂಟು ವರ್ಷ ಆದಮೇಲೆ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ 15 ವರ್ಷದ ಹುಡುಗಿಯೊಬ್ಬಳಿಗೆ, ಶ್ವಾಸಕೋಶ ಕಸಿಯ ನಂತರ, ಯಾವ ಆಂಟಿಬಯೋಟಿಕ್‌ಗೂ ಬಗ್ಗದ ಸೋಂಕು ಹರಡಿತು. ಕೊನೆಗೆ ವೈದ್ಯರು ಕೊಟ್ಟಿದ್ದು ಮೂರು ಫೇಜುಗಳ ಮಿಶ್ರಣ. ಅದರಲ್ಲಿ ಒಂದು ಆ ಬದನೆಕಾಯಿಯ ಮಡ್ಡಿ. ಉಳಿದೆರಡನ್ನು ಲ್ಯಾಬಿನಲ್ಲಿ ತಿದ್ದಬೇಕಾಯಿತು, ಮಡ್ಡಿಯನ್ನು ಇದ್ದ ಹಾಗೇ ಕೊಟ್ಟರು. ಹುಡುಗಿ ಬಹಳಷ್ಟು ಚೇತರಿಸಿಕೊಂಡಳು. 2019ರಲ್ಲಿ ಇದರ ವರದಿ ಪ್ರಕಟವಾಯಿತು.

ಈ ಕಥೆಯಲ್ಲಿ ನನಗೆ ಹಿಡಿಸುವುದು ಆ ಎಂಟು ವರ್ಷ. ಬದನೆಕಾಯಿ ಎತ್ತಿದ ಹೊತ್ತಿನಲ್ಲಿ ಇದು ಯಾವ ಕೆಲಸಕ್ಕೆ ಬರುತ್ತದೆ ಅಂತ ಅವಳಿಗೂ ಗೊತ್ತಿರಲಿಲ್ಲ, ಯಾರಿಗೂ ಗೊತ್ತಿರಲಿಲ್ಲ. ಆದರೂ ಸರಿಯಾಗಿ ಬರೆದಿಟ್ಟಿದ್ದರು, ಜೋಪಾನ ಮಾಡಿದ್ದರು.

ನಮ್ಮ ಹತ್ತಿರ ಏನಿದೆ?

ಕೇಳಿದವರು ಕೂಡಲೇ ಹೇಳುವ ಮಾತು: ಅವರ ಹತ್ತಿರ ಡಿಎನ್‌ಎ ಓದುವ ಯಂತ್ರ ಇದೆ, ನಮ್ಮ ಹತ್ತಿರ ಏನಿದೆ? ನಾನು ಬಳ್ಳಾರಿ ಜಿಲ್ಲೆಯ ಒಂದು ಡಿಗ್ರಿ ಕಾಲೇಜಿನಲ್ಲಿ ಬಾಟನಿ ಹೇಳುತ್ತೇನೆ. ನಮ್ಮ ಲ್ಯಾಬಿನಲ್ಲಿ ಒಂದು ಕೆಟ್ಟ ಇನ್‌ಕ್ಯುಬೇಟರ್ ಇದೆ, ರೆಕಾರ್ಡ್ ಬುಕ್ ಇಡಲು ಅನುಕೂಲ. ಆದರೆ ಕಿಟಕಿಯ ಹೊರಗೆ ನೋಡಿದರೆ ಬಳ್ಳಾರಿ ಜಾಲಿ ಇದೆ. ಬೇಕಾದಷ್ಟಿದೆ.

ಪಾಪ, ಆ ಗಿಡಕ್ಕೆ ನಮ್ಮ ಊರಿನ ಹೆಸರು ಅಂಟಿಕೊಂಡಿದೆ. ಅದು ನಮ್ಮದಲ್ಲವೇ ಅಲ್ಲ. ಪ್ರೊಸೊಪಿಸ್ ಜೂಲಿಫ್ಲೋರಾ ಅಂತ ಅದರ ಹೆಸರು, ಅಮೆರಿಕ ಖಂಡದ ಗಿಡ. ಸೌದೆಗೆ, ಬರಡು ನೆಲಕ್ಕೆ ಹಸಿರು ಹೊದಿಸಲಿಕ್ಕೆ ಅಂತ 1870ರ ದಶಕದಲ್ಲಿ ಬ್ರಿಟಿಷರು ಈ ದೇಶಕ್ಕೆ ತಂದರು. ತಮಿಳರು ‘ಸೀಮೆ’ ಅಂತ ಸೇರಿಸಿ ಪರದೇಶದ ಮೇಲೆ ಹಾಕಿದರು, ತೆಲುಗಿನವರು ‘ಸರ್ಕಾರ್ ತುಮ್ಮ’ ಅಂದು ಸರಕಾರದ ಮೇಲೆ ಹಾಕಿದರು. ಕನ್ನಡದವರು ಮಾತ್ರ ಬಳ್ಳಾರಿಯ ಮೇಲೆ ಹಾಕಿ ಕೈತೊಳೆದುಕೊಂಡರು. ಅದರ ಕಾಯಿ ಸಿಹಿ. ಆಡು, ದನ ತಿನ್ನುತ್ತವೆ. ಬೀಜ ಸಗಣಿಯಲ್ಲಿ ಹೊರಗೆ ಬಂದು ಅಲ್ಲೇ ಮೊಳೆಯುತ್ತದೆ.

ಈ ಗಿಡದ ಕೆಳಗೆ ಬೇರೆ ಏನೂ ಸರಿಯಾಗಿ ಬೆಳೆಯಲ್ಲ ಅಂತ ನಮ್ಮ ರೈತರು ಹೇಳುತ್ತಾರೆ. ಬಾಟನಿಯಲ್ಲಿ ಇದಕ್ಕೆ ಅಲ್ಲೆಲೋಪತಿ ಅಂತ ಹೆಸರು: ಒಂದು ಗಿಡ ಬಿಡುವ ರಾಸಾಯನಿಕ ಇನ್ನೊಂದು ಗಿಡವನ್ನು ತಡೆಯುವುದು. ಜಾಲಿಯ ಎಲೆಯಲ್ಲಿ ಅಂಥ ರಾಸಾಯನಿಕ ಇದೆ ಅನ್ನೋದು ಗೊತ್ತಿರುವ ಸಂಗತಿ. ಹಾಗಾದರೆ ಹೊಸತೇನು? ನಮ್ಮ ಮನೆಯ ಬಿಳಿಜೋಳಕ್ಕೆ ಎಷ್ಟು ತಾಗುತ್ತದೆ, ಸಜ್ಜೆಗೆ ಎಷ್ಟು, ಕಡಲೆಗೆ ಎಷ್ಟು? ನಮ್ಮ ಮಣ್ಣಿನಲ್ಲಿ, ನಮ್ಮ ಬಿಸಿಲಿನಲ್ಲಿ, ಮರದಿಂದ ಎಷ್ಟು ಮಾರು ದೂರದ ತನಕ? ಇದಕ್ಕೆ ಉತ್ತರ ಯಾವ ಟೆಕ್ಸ್ಟ್‌ಬುಕ್ಕಿನಲ್ಲೂ ಇಲ್ಲ. ಬೇಕಾಗುವುದು ಎಲೆ, ನೀರು, ಬೀಜ, ಫಿಲ್ಟರ್ ಪೇಪರು, ತಟ್ಟೆ.

ಒಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಡಿಗ್ರಿ ಕ್ಲಾಸಿಗೆ ಬೇಕಾದ ಪ್ರಶ್ನೆ ದೊಡ್ಡದಾಗಿರಬೇಕಿಲ್ಲ. ಒಂದು ಸೆಮಿಸ್ಟರಿನೊಳಗೆ ಎರಡು ಸಲ ಮಾಡಿ ನೋಡುವಷ್ಟು ಚಿಕ್ಕದಿರಬೇಕು. ಎರಡು ಸಲ ಅನ್ನೋದು ಮುಖ್ಯ. ಯಾಕೆ ಅಂತ ಈಗ ಗೊತ್ತಾಗುತ್ತದೆ.

ಮೊದಲ ಸಲ ನಾವು ಮಾಡಿದ್ದು ಹೀಗೆ. ನೆರಳಲ್ಲಿ ಒಣಗಿಸಿದ ಎಲೆಯ ಪುಡಿ 10 ಗ್ರಾಂ, 100 ಎಂಎಲ್ ನೀರಿನಲ್ಲಿ ಒಂದು ದಿನ ನೆನೆಸಿ ಸೋಸುವುದು. ಮಕ್ಕಳು ಅದಕ್ಕೆ ‘ಜಾಲಿ ಸಾರು’ ಅಂತ ಹೆಸರಿಟ್ಟರು. ಕೆಲವು ತಟ್ಟೆಗೆ ಸಾರು, ಕೆಲವಕ್ಕೆ ಬರೀ ನೀರು. ತಟ್ಟೆಗೆ 20 ಜೋಳದ ಕಾಳು. ಬರೀ ನೀರಿನ ತಟ್ಟೆಯೇ ಕಂಟ್ರೋಲ್. ಸಾರು ಏನು ಮಾಡಿತು ಅಂತ ತಿಳಿಯಬೇಕಾದರೆ ಸಾರು ಇಲ್ಲದಿದ್ದರೆ ಏನಾಗುತ್ತಿತ್ತು ಅಂತ ಗೊತ್ತಿರಬೇಕಲ್ವಾ?

ಐದನೇ ದಿನ ನೋಡಿದರೆ ಕಂಟ್ರೋಲ್ ತಟ್ಟೆಯಲ್ಲೂ ಅರ್ಧಕ್ಕರ್ಧ ಮೊಳೆತಿಲ್ಲ. ನನಗೆ ಒಳಗೊಳಗೇ ನಾಚಿಕೆ. ಮೇಷ್ಟ್ರೇ ಸೋತರೆ ಹೇಗೆ? ಸಿಲೆಬಸ್ ಪ್ರಾಕ್ಟಿಕಲ್ ಆಗಿದ್ದರೆ ‘ಅಡ್ಜಸ್ಟ್’ ಮಾಡಿಬಿಡಬಹುದಿತ್ತು. ಇಲ್ಲಿ ಯಾವುದಕ್ಕೆ ಅಡ್ಜಸ್ಟ್ ಮಾಡೋದು? ಹಿಂದಿನ ಬೆಂಚಿನ ಒಬ್ಬಳು ಕೇಳಿದಳು, “ಸರ್, ಕಂಟ್ರೋಲ್‌ಗೆ ಯಾವ ನೀರು ಹಾಕಿದ್ವಿ?” ಕಾಲೇಜಿನ ಬೋರ್‌ವೆಲ್ ನೀರು. ನಮ್ಮ ಕಡೆಯ ಬೋರ್ ನೀರು ಹೇಗಿರುತ್ತದೆ ಅಂತ ಬಕೆಟ್ಟಿನ ಅಂಚು ನೋಡಿದವರಿಗೆಲ್ಲ ಗೊತ್ತು. ಅಷ್ಟು ಉಪ್ಪಿನ ನೀರು ಬೀಜಕ್ಕೆ ಹೇಗೆ ಒಗ್ಗೀತು? ಅವಳ ಅಪ್ಪ ಕಾಲುವೆಯ ಕೊನೆಯಂಚಿನ ರೈತ. ಸವಳು ಅಂದರೆ ಏನು ಅಂತ ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು.

ಅಲ್ಲಿಗೆ ಒಂದು ತಪ್ಪು ಸಿಕ್ಕಿತು. ಇನ್ನೊಂದು ತಾನಾಗೇ ಬಂತು. ಕೆಲವರು ತಂದ ಬೀಜ ಅಂಗಡಿಯ ಪ್ಯಾಕೆಟ್ಟಿನದು, ಗುಲಾಬಿ ಬಣ್ಣದ ಔಷಧಿ ಬಳಿದಿದ್ದು. ಇನ್ನು ಕೆಲವರದು ಮನೆಯ ಹಗೇವಿನ ಜೋಳ. ಎರಡೂ ಒಂದೇ ಅಂತ ಲೆಕ್ಕ ಹಿಡಿದಿದ್ದೆವು. ಮೂರನೆಯದು ಎಲ್ಲಕ್ಕಿಂತ ತಮಾಷೆ. ‘ಮೊಳೆತಿದೆ’ ಅಂದರೆ ಏನು? ಒಬ್ಬನಿಗೆ ಸಿಪ್ಪೆ ಬಿರಿದರೆ ಸಾಕು, ಇನ್ನೊಬ್ಬಳಿಗೆ ಬೇರು ಉಗುರಿನಷ್ಟಾದರೂ ಇರಬೇಕು. ಒಂದೇ ತಟ್ಟೆಯನ್ನು ಇಬ್ಬರು ಎಣಿಸಿದರೆ 11 ಮತ್ತು 15. ಅರ್ಧ ಗಂಟೆ ಜಗಳ ಆಡಿ, ಬೇರು 2 ಮಿಲಿಮೀಟರ್ ಹೊರಬಂದರೆ ಮೊಳಕೆ ಅಂತ ಒಪ್ಪಿಕೊಂಡರು. ಎಣಿಸುವವರಿಗೆ ಯಾವ ತಟ್ಟೆಯಲ್ಲಿ ಸಾರು ಇದೆ ಅಂತ ಹೇಳಬಾರದು ಅಂತಲೂ ಅವರೇ ನಿಯಮ ಮಾಡಿದರು. ಗೊತ್ತಿದ್ದರೆ ಕಣ್ಣು ತನಗೆ ಬೇಕಾದ್ದನ್ನೇ ನೋಡುತ್ತದೆ. ಇದನ್ನು ನಾನು ಬೋರ್ಡಿನ ಮೇಲೆ ಬರೆದು ಹೇಳಿದ್ದರೆ ನೋಟ್ಸ್ ಬರೆದುಕೊಂಡು ಮರೆಯುತ್ತಿದ್ದರು.

ಎರಡನೇ ಸಲ ಡಿಸ್ಟಿಲ್ಡ್ ವಾಟರ್, ಮನೆಯ ಜೋಳ, ಬ್ಲೀಚ್ ಬೆರೆಸಿದ ನೀರಿನಲ್ಲಿ ತೊಳೆದ ಕಾಳು. ತೊಳೆಯದಿದ್ದರೆ ಮೂರನೇ ದಿನಕ್ಕೆ ಬೂಸ್ಟು ಬಂದು ಎಲ್ಲವೂ ಹಾಳು. ಆಗ ಇನ್ನೊಂದು ಒಳ್ಳೆಯ ಅನುಮಾನ ಹುಟ್ಟಿತು. ಸಾರು ಬೀಜವನ್ನು ತಡೆದಿದ್ದು ಜಾಲಿಯ ವಿಷದಿಂದಲೋ, ಅಥವಾ ಯಾವ ಎಲೆ ನೆನೆಸಿದರೂ ನೀರು ಗಟ್ಟಿಯಾಗಿ ಬೀಜ ನೀರು ಹೀರಲು ಕಷ್ಟವಾಗುತ್ತದೋ? ಬೋರ್ ನೀರಿನ ಪಾಠ ಇಲ್ಲಿ ಕೆಲಸಕ್ಕೆ ಬಂತು. ಹಾಗಾಗಿ ಇನ್ನೆರಡು ಕಂಟ್ರೋಲ್ ಸೇರಿದವು. ಒಂದು, ನಮ್ಮ ನಾಡಿನ ಕರಿಜಾಲಿ ಎಲೆಯ ಸಾರು. ಇನ್ನೊಂದು, ಜಾಲಿ ಸಾರಿನಷ್ಟೇ ಗಟ್ಟಿ ಇರುವ ಉಪ್ಪುನೀರು. ಗಟ್ಟಿ ಎಷ್ಟು ಅಂತ ಅಳೆಯಲು ನೀರಿನ ಫಿಲ್ಟರ್ ರಿಪೇರಿಯವರು ಜೇಬಿನಲ್ಲಿ ಇಟ್ಟುಕೊಳ್ಳುವ, ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಪೆನ್ನು ತಂದೆವು. ಅಷ್ಟೇನೂ ಕರಾರುವಾಕ್ಕಲ್ಲ, ಒರಟು ಅಂದಾಜಿಗೆ ಮಾತ್ರ.

2014ರಲ್ಲಿ ಈ ಬಗೆಯ ಕಲಿಕೆಯ ಬಗ್ಗೆ ಕೆಲಸ ಮಾಡುವವರು ಕೂತು, ಕ್ಲಾಸಿನೊಳಗಿನ ಸಂಶೋಧನೆಗೆ ಐದು ಗುರುತು ಹೇಳಿದರು: ವಿಜ್ಞಾನಿಗಳು ಕೆಲಸ ಮಾಡುವ ರೀತಿಯಲ್ಲೇ ಮಾಡುವುದು, ಹೊಸದೇನೋ ಕಾಣುವುದು, ಅದು ಕ್ಲಾಸಿನ ಹೊರಗಿನವರಿಗೂ ಬೇಕಾಗಿರುವುದು, ಕೂಡಿ ಮಾಡುವುದು, ಮತ್ತೆ ಮತ್ತೆ ಮಾಡುವುದು. ನನ್ನನ್ನು ಕೇಳಿದರೆ ಕೊನೆಯದಕ್ಕೇ ತೂಕ ಜಾಸ್ತಿ. ನಮ್ಮ ಟೈಮ್‌ಟೇಬಲ್ ಅದಕ್ಕೇ ಜಾಗ ಕೊಡುವುದಿಲ್ಲ. ವಾರಕ್ಕೊಂದು ಎಕ್ಸ್‌ಪೆರಿಮೆಂಟ್, ಮುಗಿಯಿತು, ಮುಂದಿನ ವಾರ ಬೇರೆ. ಕೆಟ್ಟಿದ್ದನ್ನು ಸರಿಮಾಡಲು ಪುರುಸೊತ್ತಿಲ್ಲ. ಹತ್ತು ಎಕ್ಸ್‌ಪೆರಿಮೆಂಟ್ ಇದ್ದಲ್ಲಿ ಆರು ಮಾಡಿಸಿ, ಉಳಿದ ನಾಲ್ಕು ವಾರ ಒಂದೇ ಪ್ರಶ್ನೆಗೆ ಇಟ್ಟರೆ ಸಾಕು.

ಒಬ್ಬನ ಕಾಳು, ಕ್ಲಾಸಿನ ಕಾಳು

ಕೂಡಿ ಮಾಡುವುದು ಅಂದರೆ ಬರೀ ಒಗ್ಗಟ್ಟಿನ ಮಾತಲ್ಲ, ಅದರಲ್ಲಿ ಲೆಕ್ಕ ಇದೆ. ಜೋಳದ ಬೀಜ ಒಳ್ಳೆಯದು, ನೂರಕ್ಕೆ 80 ಮೊಳೆಯುತ್ತದೆ ಅಂತ ಇಟ್ಟುಕೊಳ್ಳಿ. 20 ಕಾಳು ಹಾಕಿದರೆ 16 ಮೊಳೆಯಬೇಕು. ಆದರೆ ಪ್ರತಿ ತಟ್ಟೆಯಲ್ಲೂ 16 ಬರುತ್ತದಾ? ಇಲ್ಲ. ಹೆಚ್ಚಿನ ತಟ್ಟೆಗಳಲ್ಲಿ 14ರಿಂದ 18ರ ನಡುವೆ ಬರುತ್ತದೆ. ಹತ್ತರಲ್ಲಿ ಒಂದು ತಟ್ಟೆಯಲ್ಲಿ 13 ಇಲ್ಲವೇ 19. ಯಾರ ತಪ್ಪೂ ಇಲ್ಲ, ಕವಡೆ ಬಿದ್ದಹಾಗೆ. ಈಗ ಜಾಲಿ ಸಾರು ನಿಜಕ್ಕೂ ಮೊಳಕೆಯನ್ನು ನೂರಕ್ಕೆ 70ಕ್ಕೆ ಇಳಿಸಿತು ಅನ್ನಿ. ಆಗ ತಟ್ಟೆಗೆ 14. ಒಬ್ಬ ವಿದ್ಯಾರ್ಥಿಯ ಎರಡು ತಟ್ಟೆಯಲ್ಲಿ 16 ಮತ್ತು 14 ಬಂದರೆ ಅದು ಜಾಲಿಯ ಕೆಲಸವೋ ಅದೃಷ್ಟವೋ ಹೇಳಲು ಬರುವುದಿಲ್ಲ.

ಕ್ಲಾಸಿನ ಹತ್ತು ಗುಂಪುಗಳ ತಟ್ಟೆ ಸೇರಿಸಿ. ಒಂದೊಂದು ಕಡೆ 200 ಕಾಳು. ಕಂಟ್ರೋಲ್‌ನಲ್ಲಿ 160ರ ಸುತ್ತಮುತ್ತ, ಸಾರಿನಲ್ಲಿ 140ರ ಸುತ್ತಮುತ್ತ. ಒಂದೇ ತಟ್ಟೆಯ ಶೇಕಡಾ ಲೆಕ್ಕ 60ರಿಂದ 95ರ ತನಕ ಓಲಾಡಬಹುದು. ಹತ್ತು ಸೇರಿದರೆ ಅದು 75ರಿಂದ 85ರೊಳಗೆ ನಿಲ್ಲುತ್ತದೆ. ಒಬ್ಬನ ಕೈಗೆ ಸಿಗದ ವ್ಯತ್ಯಾಸ ಕ್ಲಾಸಿನ ಕೈಗೆ ಸಿಗುತ್ತದೆ. ನಲವತ್ತು ಮಕ್ಕಳಿರುವ ಬ್ಯಾಚು ಅಂದರೆ ಮೇಷ್ಟ್ರಿಗೆ ತಲೆನೋವು ಅಂತ ನಾವು ಗೊಣಗುತ್ತೇವೆ. ಇಂಥ ಕೆಲಸಕ್ಕೆ ಆ ನಲವತ್ತೇ ನಮ್ಮ ಬಂಡವಾಳ. ಜೊತೆಗೆ, ಒಬ್ಬ ಸುಳ್ಳು ಲೆಕ್ಕ ಬರೆದರೆ ಹತ್ತೂ ಗುಂಪಿನ ಲೆಕ್ಕ ಕೆಡುತ್ತದೆ ಅನ್ನೋದು ಮಕ್ಕಳಿಗೆ ತಾನಾಗಿ ಅರ್ಥವಾಗುತ್ತದೆ. ನಾನು ಕಾವಲು ಕೂರಬೇಕಾಗಿಲ್ಲ, ಅವರೇ ಒಬ್ಬರನ್ನೊಬ್ಬರು ಬಿಡುವುದಿಲ್ಲ.

ಸಂಖ್ಯಾಶಾಸ್ತ್ರ ಅಂದರೆ ಓಡಿಹೋಗುತ್ತಿದ್ದ ಹುಡುಗರು ತಮ್ಮದೇ ಕಾಳಿನ ಲೆಕ್ಕ ಅಂದಾಗ ಕ್ಯಾಲ್ಕ್ಯುಲೇಟರ್ ಹಿಡಿದು ಕೂತರು. ಎಲ್ಲರೂ ಅಲ್ಲ. ಮೂರ್ನಾಲ್ಕು ಜನ ಈಗಲೂ ಫೋನ್ ನೋಡುತ್ತಲೇ ಇರುತ್ತಾರೆ. ಅದನ್ನೂ ಹೇಳಬೇಕಲ್ಲ.

ನಾಲ್ಕೂವರೆಯ ಬಸ್ಸು

ಈಗ ಸ್ವಲ್ಪ ತಕರಾರಿನ ಮಾತು. ಸಂಶೋಧನೆಯನ್ನು ನಾವು ಬಹುಮಾನದ ಹಾಗೆ ಹಂಚುತ್ತೇವೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಪ್ರಕಾರ ಡಿಗ್ರಿಗೆ ನಾಲ್ಕನೇ ವರ್ಷ ಬಂತು, ಸಂಶೋಧನೆ ಆ ವರ್ಷಕ್ಕೆ ಹೋಯಿತು. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) ನಿಯಮದಂತೆ ಮೊದಲ ಆರು ಸೆಮಿಸ್ಟರಿನಲ್ಲಿ ಶೇಕಡಾ 75 ತೆಗೆದವರಿಗೆ ಮಾತ್ರ ಅದು. ಕರ್ನಾಟಕ 2021-22ರಲ್ಲಿ ಆ ಪದ್ಧತಿಗೆ ಹೋಗಿ, 2024-25ರಿಂದ ಮತ್ತೆ ಮೂರು ವರ್ಷದ ಡಿಗ್ರಿಗೆ ಬಂದಿದೆ. ನೀತಿ ಯಾವುದಾದರೂ ಇರಲಿ, ಮೂರು ವರ್ಷ ಬಾಯಿಪಾಠ ಮಾಡಿಸಿ, ಅದರಲ್ಲಿ ಗೆದ್ದವರಿಗೆ ಸಂಶೋಧನೆ ಕೊಡುವುದು ನನಗೆ ಒಪ್ಪಿಗೆಯಿಲ್ಲ. ಬಾಯಿಪಾಠದಲ್ಲಿ ಜಾಣರಾದವರೇ ತಟ್ಟೆ ನೋಡುವುದರಲ್ಲೂ ಜಾಣರು ಅಂತ ಯಾರು ಹೇಳಿದರು? ಬೋರ್ ನೀರಿನ ಪ್ರಶ್ನೆ ಕೇಳಿದ ಹುಡುಗಿಯ ಮಾರ್ಕ್ಸ್ ಕಾರ್ಡ್ ನಾನು ನೋಡಿದ್ದೇನೆ.

ಬೆಂಗಳೂರಿನ ದೊಡ್ಡ ಲ್ಯಾಬುಗಳಲ್ಲಿ ಬೇಸಿಗೆ ಫೆಲೋಶಿಪ್ ಇರುತ್ತವೆ, ಒಳ್ಳೆಯದೇ. ಆದರೆ ಎಷ್ಟು ಮಂದಿ ಹೋಗಲು ಸಾಧ್ಯ? ನಮ್ಮ ಹುಡುಗಿಯರು ನಾಲ್ಕೂವರೆಯ ಬಸ್ಸು ತಪ್ಪಿದರೆ ಊರು ಸೇರುವುದು ಕತ್ತಲಾದಮೇಲೆ. ಟಿಕೆಟ್ ಫ್ರೀ ಆದರೂ ಬಸ್ಸು ಇರಬೇಕಲ್ಲ! ಕಾಲೇಜು ಬಿಟ್ಟಮೇಲೆ ಉಳಿದು ಮಾಡುವ ಯಾವ ಕೆಲಸವೂ ಅವರಿಗೆ ಸಿಗುವುದಿಲ್ಲ. ಪ್ರಾಕ್ಟಿಕಲ್ ಗಂಟೆಯೊಳಗೇ ಸಂಶೋಧನೆ ಇದ್ದರೆ, ಆ ಬಸ್ಸಿಗೆ ಹೋಗುವವಳಿಗೂ ಅದು ಸಿಗುತ್ತದೆ. ಕೋರ್ಸಿನ ಒಳಗೆ ಅನ್ನುವ ಮಾತಿಗೆ ನಮ್ಮ ಕಡೆ ಇರುವ ಅರ್ಥ ಇದು. ಭಾನುವಾರ ತಟ್ಟೆ ನೋಡುವವರು ಯಾರು ಅನ್ನೋದೊಂದು ಉಳಿಯುತ್ತದೆ. ಬುಧವಾರ ಬಿತ್ತಿ, ಶನಿವಾರ ಕೊನೆಯ ಎಣಿಕೆ ಮಾಡುವಂತೆ ಹೊಂದಿಸಿಕೊಂಡೆವು. ಮೊದಲ ಸಲದ ಐದು ದಿನ ಹೋಗಿ ಮೂರಾಯಿತು. ಜೋಳ ಬೇಗ ಮೊಳೆಯುವ ಕಾಳು, ಬಚಾವಾದೆವು.

ಮಾರ್ಕ್ಸ್ ಹೇಗೆ ಕೊಡೋದು ಅಂತ ಎಲ್ಲರೂ ಕೇಳುತ್ತಾರೆ. ಫಲಿತಾಂಶಕ್ಕೆ ಮಾರ್ಕ್ಸ್ ಇಟ್ಟ ಕೂಡಲೇ 9.8 ವಾಪಸ್ ಬರುತ್ತದೆ. ನಾನು ಇಂಟರ್ನಲ್ ಮಾರ್ಕ್ಸ್ ಕೊಡುವುದು ನೋಟ್‌ಬುಕ್ಕಿಗೆ. ಪೆನ್ನಿನಲ್ಲೇ ಬರೆಯಬೇಕು, ಅಳಿಸಬಾರದು, ಅವತ್ತಿನದು ಅವತ್ತೇ. ತಪ್ಪಾಗಿದ್ದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಯಾಕೆ ಅಂತ ಬರೆಯಬೇಕು. ಆ ‘ಯಾಕೆ’ಗೆ ಹೆಚ್ಚು ಮಾರ್ಕ್ಸ್. ಸೆಮಿಸ್ಟರ್ ಪರೀಕ್ಷೆಯ ಪ್ರಾಕ್ಟಿಕಲ್ ಮಾತ್ರ ಹಳೆಯ ಹಾಗೇ ನಡೆಯುತ್ತದೆ, ಅದು ನನ್ನ ಕೈಯಲ್ಲಿಲ್ಲ. ಇನ್ನು ಅತಿಥಿ ಉಪನ್ಯಾಸಕರು. ಮುಂದಿನ ವರ್ಷ ಇರುತ್ತೇವೋ ಇಲ್ಲವೋ ಅನ್ನುವವರಿಗೆ ಬ್ಯಾಚಿನಿಂದ ಬ್ಯಾಚಿಗೆ ಮುಂದುವರಿಯುವ ಪ್ರಶ್ನೆ ಇಟ್ಟುಕೊಳ್ಳಿ ಅಂತ ಯಾವ ಬಾಯಲ್ಲಿ ಹೇಳೋದು? ನಮ್ಮ ಕಾಲೇಜುಗಳು ನಿಂತಿರುವುದೇ ಅವರ ಮೇಲೆ.

ಬೇರೆ ವಿಷಯದವರಿಗೂ ನಮ್ಮ ಕಡೆ ಪ್ರಶ್ನೆಗೆ ಬರವಿಲ್ಲ. ಫಿಸಿಕ್ಸಿನವರಿಗೆ ಎರೆ ಮಣ್ಣು, ಕೆಂಪು ಮಣ್ಣು ಬಿಸಿಲಿಗೆ ಕಾಯುವ ಬಗೆ. ಗಣಿತದವರಿಗೆ ತುಂಗಭದ್ರಾ ಜಲಾಶಯವಿದೆ. ಕಟ್ಟಿದಾಗ ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ಅದು ಹೂಳು ತುಂಬಿ ಈಗ ಸುಮಾರು 105ಕ್ಕೆ ಬಂದಿದೆ. ದಿನದಿನದ ನೀರಿನ ಮಟ್ಟ ಸಾರ್ವಜನಿಕವಾಗೇ ಸಿಗುತ್ತದೆ, ಲೆಕ್ಕ ಹಾಕಲು ಕೂತರೆ ಮುಗಿಯುವುದಿಲ್ಲ. ಕೊಪ್ಪಳ, ರಾಯಚೂರಿನ ಕೆಮಿಸ್ಟ್ರಿಯವರಿಗೆ ಕೊಳವೆಬಾವಿಯ ಫ್ಲೋರೈಡ್.

ಆದರೆ ಫ್ಲೋರೈಡ್ ವಿಷಯದಲ್ಲಿ ಒಂದು ಎಚ್ಚರ ಬೇಕು. ಭಾರತೀಯ ಮಾನದಂಡದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಪ್ಪುವ ಮಿತಿ, ಬೇರೆ ನೀರಿಲ್ಲದಿದ್ದರೆ 1.5 ತನಕ. ಮಕ್ಕಳ ಕೈಯಲ್ಲಿರುವ ಕಿಟ್ 1.4ಕ್ಕೂ 1.6ಕ್ಕೂ ವ್ಯತ್ಯಾಸ ಹೇಳುವಷ್ಟು ನಿಖರ ಇರುವುದಿಲ್ಲ. ಊರಿನ ಹೆಸರು ಹಾಕಿ ವಾಟ್ಸಾಪಿನಲ್ಲಿ ಬಿಟ್ಟರೆ ಬೆಳಗಾಗುವುದರೊಳಗೆ ಗಲಾಟೆ. ಹಾಗಾಗಿ ಸ್ಯಾಂಪಲ್‌ಗೆ ನಂಬರ್ ಹಾಕಿ, ಊರಿನ ಹೆಸರು ಬೇರೆ ಪುಸ್ತಕದಲ್ಲಿರಲಿ. ಜಾಸ್ತಿ ಬಂದದ್ದನ್ನು ಇನ್ನೊಂದು ಲ್ಯಾಬಿನಲ್ಲಿ ಖಾತ್ರಿ ಮಾಡಿಸಿ, ಆಮೇಲೆ ಪಂಚಾಯಿತಿಗೆ ತಿಳಿಸಿ. ನೀರು ಕುಡಿಯುವವರಿಗೆ ತಿಳಿಸದೇ ಇರುವುದೂ ತಪ್ಪೇ.

ಜಾಲಿಯ ವಿಷಯಕ್ಕೆ ವಾಪಸ್ ಬರುತ್ತೇನೆ. ಹೋದ ಬ್ಯಾಚಿನವರು ಬಿಟ್ಟುಹೋದ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಒಂದು ಪ್ರಶ್ನೆ ಇದೆ: ಜಾಲಿ ಕಡಿದು ಹೊಲ ಮಾಡಿದರೆ, ಆ ಮಣ್ಣಿನಲ್ಲಿ ಜೋಳ ಸರಿಯಾಗಿ ಮೊಳೆಯಲು ಎಷ್ಟು ಮಳೆ ಬೀಳಬೇಕು? ಈ ವರ್ಷ ಒಬ್ಬ ಹುಡುಗನ ಚಿಕ್ಕಪ್ಪ ಎರಡು ಎಕರೆ ಜಾಲಿ ಕಡಿಸುತ್ತಿದ್ದಾರೆ. ಮೊದಲ ಮಳೆಗೆ ಮುಂಚೆಯೇ ಮಣ್ಣು ತೆಗೆದಿಡಬೇಕು ಅಂತ ಮಕ್ಕಳು ಖಾಲಿ ಗೊಬ್ಬರದ ಚೀಲ ಹುಡುಕುತ್ತಿದ್ದಾರೆ. ಯೂರಿಯಾ ಚೀಲ ಬೇಡ, ಗೊಬ್ಬರ ಉಳಿದಿರುತ್ತದೆ ಅಂತ ಅವರವರೇ ಮಾತಾಡಿಕೊಳ್ಳುತ್ತಿದ್ದರು.